ವಾಹಿನಿಯ ಸಂಖ್ಯೆ, ಆಕಾಶದ ಚಕ್ಕುಬಂದಿ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಕೇಳುಗರಿಗೆ ಚಿರಪರಿಚಿತವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಸ್ಥಾನ 765 ಕಿಲೋಹರ್ಟ್ಸ್, ಅಂದರೆ ಅದರ ವಾಹಕ ತರಂಗ ಒಂದು ಸೆಕೆಂಡಿನಲ್ಲಿ ಏಳು ಲಕ್ಷ ಅರವತ್ತೈದು ಸಾವಿರ ಸಲ ಕಂಪಿಸುತ್ತದೆ. ಬೆಂಗಳೂರಿನ ಕೇಂದ್ರದ ಸ್ಥಾನ 612, ಭದ್ರಾವತಿಯದು 675. ಈ ಮೂರು ಸಂಖ್ಯೆಗಳೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುವುದು ಆಕಸ್ಮಿಕವಲ್ಲ. 1975ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಏಷ್ಯಾ, ಆಫ್ರಿಕಾ ಮತ್ತು ಯೂರೋಪುಗಳ ಮಧ್ಯಮ ತರಂಗ ಕೇಂದ್ರಗಳ ನಡುವೆ ಒಂಬತ್ತು ಕಿಲೋಹರ್ಟ್ಸ್ ಅಂತರವಿರಬೇಕೆಂದು ಒಪ್ಪಿಕೊಂಡವು, ಮತ್ತು 1978ರ ನವೆಂಬರಿನಲ್ಲಿ ಆ ವ್ಯವಸ್ಥೆ ಜಾರಿಗೆ ಬಂತು. ಬಾನುಲಿಯಲ್ಲಿ ಕಾಣುವ ಈ ಶಿಸ್ತೇ ದೂರದರ್ಶನದ ವಾಹಿನಿ ಸಂಖ್ಯೆಗಳಿಗೂ ಆಧಾರವಾಗಿತ್ತು.

ದನಿಗೆ ಸಾಲುವ ಜಾಗ ಚಿತ್ರಕ್ಕೆ ಸಾಲದು. 625 ಗೆರೆಗಳ ಚಿತ್ರವನ್ನು ಸೆಕೆಂಡಿಗೆ 25 ಸಲ ಕಳುಹಿಸುವ, ಭಾರತ ಅಳವಡಿಸಿಕೊಂಡ ಪದ್ಧತಿಯಲ್ಲಿ ಒಂದು ವಾಹಿನಿಗೆ ಏಳು ಮೆಗಾಹರ್ಟ್ಸ್, ಎಂದರೆ ಏಳು ಸಾವಿರ ಕಿಲೋಹರ್ಟ್ಸ್ ಅಗಲದ ಪಟ್ಟಿ ಬೇಕು. ಮಧ್ಯಮ ತರಂಗದ ಇಡೀ ಹರವು ಸುಮಾರು ಒಂದು ಮೆಗಾಹರ್ಟ್ಸ್ ಮಾತ್ರವಾದ್ದರಿಂದ ಅಲ್ಲಿ ಒಂದೇ ಒಂದು ವಾಹಿನಿಗೂ ಎಡೆಯಿಲ್ಲ. ಆದಕಾರಣ ದೂರದರ್ಶನವನ್ನು ಅತಿ ಹೆಚ್ಚಿನ ಕಂಪನಾಂಕದ ವಲಯಕ್ಕೆ ಒಯ್ದು, ಅಲ್ಲಿನ ಪಟ್ಟಿಗಳಿಗೆ ಕ್ರಮಸಂಖ್ಯೆ ಕೊಡಲಾಯಿತು. ಹೊಲದ ಸರ್ವೆ ನಂಬರು ಹೇಗೆ ನಿಶ್ಚಿತ ಚಕ್ಕುಬಂದಿಯನ್ನು ಸೂಚಿಸುತ್ತದೆಯೋ ಹಾಗೆಯೇ ವಾಹಿನಿಯ ಸಂಖ್ಯೆಯೂ ಎರಡು ಎಲ್ಲೆಗಳ ನಡುವಿನ ಜಾಗವನ್ನು ಸೂಚಿಸುತ್ತಿತ್ತು: ನಾಲ್ಕನೆಯದು 61ರಿಂದ 68 ಮೆಗಾಹರ್ಟ್ಸ್, ಐದನೆಯದು 174ರಿಂದ 181, ಹನ್ನೆರಡನೆಯದು 223ರಿಂದ 230. ನಾಲ್ಕು ಮತ್ತು ಐದು ಎಣಿಕೆಯಲ್ಲಿ ಪಕ್ಕದವಾದರೂ ಅವುಗಳ ನಡುವೆ ನೂರಕ್ಕೂ ಹೆಚ್ಚು ಮೆಗಾಹರ್ಟ್ಸ್ ಅಂತರವಿದ್ದು, ಎಫ್‌ಎಂ ಬಾನುಲಿ ಮತ್ತು ವಿಮಾನಗಳ ಸಂಪರ್ಕದಂಥ ಸೇವೆಗಳು ಆ ಜಾಗದಲ್ಲಿವೆ. ಅಮೆರಿಕದಲ್ಲಿ 1948ರಲ್ಲಿ ಒಂದನೆಯ ವಾಹಿನಿಯನ್ನು ದೂರದರ್ಶನದಿಂದ ಹಿಂತೆಗೆದುಕೊಂಡು ಸಂಚಾರಿ ನಿಸ್ತಂತು ಸೇವೆಗಳಿಗೆ ಬಿಟ್ಟುಕೊಟ್ಟ ಮೇಲೆ ಅಲ್ಲಿನ ಎಣಿಕೆ ಎರಡರಿಂದ ಆರಂಭವಾಗುವಂತಾಯಿತು.

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾದ ಭಾರತೀಯ ದೂರದರ್ಶನ ನಾಲ್ಕನೆಯ ವಾಹಿನಿಯನ್ನು ಬಳಸಿತು. ಕರ್ನಾಟಕಕ್ಕೆ ಅದು ಮೊದಲು ತಲುಪಿದ್ದು ರಾಜಧಾನಿಯ ಮೂಲಕವಲ್ಲ, ಹಳ್ಳಿಗಳ ಮೂಲಕ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವು 860 ಮೆಗಾಹರ್ಟ್ಸ್‌ನಲ್ಲಿ ಕಳುಹಿಸಿದ ಕಾರ್ಯಕ್ರಮಗಳನ್ನು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗರು ನೋಡಿದರು. 1977ರಲ್ಲಿ ಗುಲ್ಬರ್ಗದಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರ ಬಂತು, 1981ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು, ಮತ್ತು 1984ರ ಸುಮಾರಿಗೆ ದೇಶದ ಸಣ್ಣ ಪಟ್ಟಣಗಳಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಒಂದರ ಹಿಂದೊಂದು ತಲೆಯೆತ್ತಿದವು.

ಇಂಥ ಸಣ್ಣ ಕೇಂದ್ರಗಳು ಏಕೆ ಬೇಕಾದವೆಂಬುದನ್ನು ಹಾವೇರಿ ಸೀಮೆಯ ಭೂಗೋಳವೇ ತಿಳಿಸುತ್ತದೆ. ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು ಸಾಗುವುದರಿಂದ ಧಾರವಾಡದ ಧ್ವನಿ ಎಂಬತ್ತು ಕಿಲೋಮೀಟರಿಗಿಂತ ದೂರದ ಹಾವೇರಿಗೂ ಅದರಾಚೆಯ ಬ್ಯಾಡಗಿ, ರಾಣೆಬೆನ್ನೂರುಗಳಿಗೂ ಮುಟ್ಟುತ್ತದೆ. ದೂರದರ್ಶನದ ತರಂಗವಾದರೋ ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುವುದರಿಂದ ಭೂಮಿಯ ಉಬ್ಬು ಅದಕ್ಕೆ ಅಡ್ಡ ಬರುತ್ತದೆ. ನೂರು ಮೀಟರ್ ಗೋಪುರ ನಿಲ್ಲಿಸಿ, ನೋಡುವವರು ಹತ್ತು ಮೀಟರ್ ಎತ್ತರದಲ್ಲಿ ಆಂಟೆನಾ ಕಟ್ಟಿದರೂ, ಸಮತಟ್ಟಾದ ನೆಲದಲ್ಲಿ ಅದರ ಭರವಸೆಯ ವ್ಯಾಪ್ತಿ ಐವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಆದ್ದರಿಂದ ಊರೂರಿಗೆ ಕೇಂದ್ರ ಬೇಕು, ಆದರೆ ನೆರೆಯ ಎರಡು ಕೇಂದ್ರಗಳು ಒಂದೇ ಸಂಖ್ಯೆಯನ್ನು ಬಳಸಿದರೆ ಚಿತ್ರಗಳು ಒಂದರೊಳಗೊಂದು ಬೆರೆಯುತ್ತವೆ. ಅದೇ ಸಂಖ್ಯೆಯನ್ನು ಸಾಕಷ್ಟು ದೂರದಲ್ಲಿ ಮಾತ್ರ ಮತ್ತೆ ಬಳಸುವಂತೆ ಯೋಜಿಸುವುದೇ ತರಂಗಾಂತರ ಹಂಚಿಕೆಯ ತಿರುಳು, ಮತ್ತು ಭಾರತದಲ್ಲಿ ಆ ಹೊಣೆ ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನಾ ವಿಭಾಗದ್ದು. ಈ ಹಂಚಿಕೆಯ ಗುರುತು ಮನೆಯ ಮಾಳಿಗೆಯ ಮೇಲೂ ಕಾಣುತ್ತಿತ್ತು. ನಾಲ್ಕನೆಯ ವಾಹಿನಿಗೆ ಸುಮಾರು ಎರಡೂಕಾಲು ಮೀಟರ್ ಉದ್ದದ ಅಲ್ಯುಮಿನಿಯಂ ಕಡ್ಡಿ ಬೇಕಾದರೆ, ಐದರಿಂದ ಹನ್ನೆರಡರವರೆಗಿನವುಗಳಿಗೆ ಒಂದು ಮೀಟರಿಗಿಂತ ಚಿಕ್ಕ ಕಡ್ಡಿ ಸಾಕಾಗುತ್ತಿತ್ತು.

ಕೇಬಲ್ ಮತ್ತು ಡಿಟಿಎಚ್ ಬಂದ ಮೇಲೆ ಸಂಖ್ಯೆಯ ಸ್ವರೂಪವೇ ಬದಲಾಯಿತು. ಡಿಜಿಟಲ್ ವ್ಯವಸ್ಥೆಯಲ್ಲಿ ಒಂದೇ ಪಟ್ಟಿಯೊಳಗೆ ಹಲವು ವಾಹಿನಿಗಳು ಅಡಕವಾಗುವುದರಿಂದ, ರಿಮೋಟಿನಲ್ಲಿ ಒತ್ತುವ ಮೂರಂಕಿಯ ಸಂಖ್ಯೆಗೂ ಕಂಪನಾಂಕಕ್ಕೂ ನೇರ ಸಂಬಂಧ ಉಳಿದಿಲ್ಲ. ಅದು ಸೇವೆ ಒದಗಿಸುವವರು ಕೊಟ್ಟ ಹೆಸರುಪಟ್ಟಿಯ ಕ್ರಮ ಮಾತ್ರವಾದುದರಿಂದ, ಅನುಕೂಲದ ಸಂಖ್ಯೆಗಾಗಿ ಸ್ಪರ್ಧೆ ಹುಟ್ಟಿತು. ಇದನ್ನು ನಿಯಂತ್ರಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2017ರ ನಿಯಮಗಳಲ್ಲಿ ಸುದ್ದಿ, ಕ್ರೀಡೆ, ಮನರಂಜನೆ ಮುಂತಾದ ಪ್ರಕಾರಗಳ ವಾಹಿನಿಗಳನ್ನು ಒಟ್ಟಾಗಿ ಇಡಬೇಕೆಂದು ವಿಧಿಸಿತು.

ಇತ್ತ ಭೂಮಿಯ ಮೇಲಿನ ಹಳೆಯ ಅನಲಾಗ್ ಪ್ರಸಾರ ಬಹುಪಾಲು ನಿಂತಿದೆ, ಮತ್ತು ಹಿಂದೆ ದೂರದರ್ಶನದ ಪಟ್ಟಿಯಲ್ಲಿದ್ದ 700 ಮೆಗಾಹರ್ಟ್ಸ್ ವಲಯದ ತರಂಗಾಂತರ 2022ರ ಹರಾಜಿನಲ್ಲಿ ಮೊಬೈಲ್ ಸೇವೆಗಳಿಗೆ ಸಂದಿದೆ. ಆದರೆ ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿಯೆಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರುವರಿಯಲ್ಲಿ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ನೀಡಿದ ತೀರ್ಪು ಇಂದಿಗೂ ದಾರಿದೀಪವಾಗಿದೆ. ಆ ಆಸ್ತಿಯಲ್ಲಿ ಮಹಾನಗರದ ನಿವಾಸಿಗೆ ಇರುವಷ್ಟೇ ಪಾಲು ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನಿಗೂ ಇದೆ. ಒಂದು ಪಟ್ಟಿಯನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಲಾಗುತ್ತದೆ, ಅದರಿಂದ ಸಣ್ಣ ಊರುಗಳಿಗೆ ಯಾವ ಸೇವೆ ದೊರೆಯುತ್ತದೆ ಎಂದು ವಿಚಾರಿಸುವುದು ತಜ್ಞರ ಕೆಲಸವಷ್ಟೇ ಅಲ್ಲ, ಪ್ರತಿಯೊಬ್ಬ ನಾಗರಿಕನ ಹಕ್ಕೂ ಹೌದು.