ಅವರು ಯಾರಿಗಾಗಿ ಬಂದಿದ್ದರು?



ಹೆಣ್ಣೊಬ್ಬಳು ಕಾಣೆಯಾದಳೆಂದರೆ ನಮ್ಮ ಊರುಗಳಲ್ಲಿ ಮೊದಲು ಏಳುವ ಪ್ರಶ್ನೆ, ‘ಯಾರ ಜೊತೆ ಹೋದಳು?’ ಅವಳನ್ನು ಇಲ್ಲವಾಗಿಸಲು ಯಾರಿಗೆ ಕಾರಣವಿತ್ತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಕೇಳಬೇಕು, ಎಚ್ಚರದಿಂದ ಕೇಳಬೇಕು. ಏಕೆಂಬುದಕ್ಕೆ ದೂರದ ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ.

ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರು, 1992ರ ಜೂನ್ 7. ನಲವತ್ತೇಳು ವರ್ಷದ ತಾಯಿ, ಹತ್ತೊಂಬತ್ತರ ಮಗಳು, ಮಗಳ ಹದಿನೆಂಟರ ಗೆಳತಿ, ಮೂವರೂ ಒಂದೇ ಮನೆಯಿಂದ ಕಾಣೆಯಾದರು. ಹುಡುಗಿಯರು ಹಿಂದಿನ ದಿನವಷ್ಟೇ ಹೈಸ್ಕೂಲು ಮುಗಿಸಿದ ಸಮಾರಂಭದಲ್ಲಿದ್ದರು. ಕಾರು, ಕೈಚೀಲ, ಸಾಕುನಾಯಿ ಎಲ್ಲ ಅಲ್ಲೇ ಇದ್ದವು. ಹೊರಬಾಗಿಲ ದೀಪದ ಗಾಜು ಮಾತ್ರ ಒಡೆದಿತ್ತು. ಇಂದಿಗೂ ಅವರ ಸುಳಿವಿಲ್ಲ.

ಬಂದವರ ಗುರಿ ಯಾರು? ಮಗಳೇ ಎನ್ನುವವರಿದ್ದಾರೆ. ಸಮಾಧಿಗೆ ಹಾನಿ ಮಾಡಿದ ಮೊಕದ್ದಮೆಯಲ್ಲಿ ಹಳೆಯ ಗೆಳೆಯನ ವಿರುದ್ಧ ಅವಳು ಹೇಳಿಕೆ ಕೊಟ್ಟಿದ್ದಳು. ಆದರೆ ಈ ಕಾಣೆಯ ಪ್ರಕರಣದಲ್ಲಿ ಯಾರ ಮೇಲೂ ಆರೋಪ ಹೊರಿಸಿಲ್ಲ. ತಾಯಿಯೇ ಎನ್ನುವವರ ವಾದ ಬೇರೆ: ಹುಡುಗಿಯರು ಬೇರೆ ಕಡೆ ಮಲಗುವವರಿದ್ದರು, ಅಲ್ಲಿ ಜಾಗವಿಲ್ಲದೆ ನಡುರಾತ್ರಿ ಕಳೆದ ಮೇಲೆ ಇಲ್ಲಿಗೆ ಬಂದರು. ಹೊಂಚು ಹಾಕಿದವನಿಗೆ ತಾಯಿ ಒಬ್ಬಳೇ ಎಂದೇ ಲೆಕ್ಕ. ದಾರಿಯಲ್ಲಿ ಹುಡುಗಿಯರನ್ನು ಕಂಡು ಹಿಂಬಾಲಿಸಿದ ಅಪರಿಚಿತನಿರಬಹುದು ಎಂಬುದು ಮೂರನೆಯ ಮಾತು. ಗೆಳತಿ ಅಲ್ಲಿರುವುದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಗುರಿಯಾಗದವಳೂ ಬಲಿಯಾದಳು.

ಈ ವಾದ ಏಕೆ ತೀರಲಿಲ್ಲ? ಪೊಲೀಸರಿಗಿಂತ ಮೊದಲು ನೆಂಟರು, ಗೆಳೆಯರು ಆ ಮನೆಯಲ್ಲಿ ಓಡಾಡಿದರು. ಒಳ್ಳೆಯ ಮನಸ್ಸಿನಿಂದಲೇ ಗಾಜನ್ನು ಗುಡಿಸಿದರು. ಫೋನಿನಲ್ಲಿ ಉಳಿದಿದ್ದ ಸಂದೇಶವೊಂದು ಅಳಿಸಿಹೋಯಿತು. ಕಾರಣ ಹೇಳಬಹುದಾಗಿದ್ದ ಗುರುತುಗಳು ಕಸದ ಜೊತೆ ಹೋದವು.

ನಮ್ಮಲ್ಲೂ ಸೊಸೆ ಸುಟ್ಟು ಸತ್ತ ಮನೆಯ ನೆಲ ಎಷ್ಟೋ ಸಲ ಪೊಲೀಸರು ಬರುವ ಮೊದಲೇ ತೊಳೆದಿರುತ್ತದೆ. ಅಲ್ಲಿ ತೊಳೆಯುವವರ ಮನಸ್ಸು ಬೇರೆಯೇ ಇರಬಹುದು. ಹೋಗುವುದು ಮಾತ್ರ ಅದೇ ಸಾಕ್ಷಿ.

ಆದ್ದರಿಂದ ಸಂಘದವರು ಮೂರು ಮಾತು ನೆನಪಿಡೋಣ. ಆ ಮನೆಯಲ್ಲಿ ಏನನ್ನೂ ಮುಟ್ಟಬಾರದು, ಮುಟ್ಟಗೊಡಬಾರದು. ‘ನಾಳೆ ಬರಬಹುದು’ ಎಂದು ಕಾಯದೆ 112ಕ್ಕೆ ಫೋನ್ ಮಾಡಬೇಕು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಎನ್ನುವಂತಿಲ್ಲ. ಮೂರನೆಯದು, ಅವಳು ಹೇಳಿಕೊಂಡಿದ್ದ ಬೆದರಿಕೆ, ವರದಕ್ಷಿಣೆಯ ಒತ್ತಾಯ, ಆಸ್ತಿಯ ಜಗಳ, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡಬೇಕು. ಒಬ್ಬರ ಮೇಲೇ ಬೆರಳು ತೋರಿಸಿ ಉಳಿದ ದಾರಿ ಮುಚ್ಚಬಾರದು.

ಅವಳ ನಡತೆಯ ಚರ್ಚೆ ಬಿಡೋಣ. ಅವಳನ್ನು ಹುಡುಕೋಣ.