ಹಸಿವೂ ಬೊಜ್ಜೂ ಒಂದೇ ಮನೆಯಲ್ಲಿ



2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರ ಪೈಕಿ ಶೇ 23ರಷ್ಟು ಮಂದಿಯ ತೂಕ ಮಿತಿ ಮೀರಿತ್ತು. 2019-21ರ ಹೊತ್ತಿಗೆ ಅದು ಶೇ 30 ದಾಟಿತು. ಗಂಡಸರ ಲೆಕ್ಕ ಶೇ 22ರಿಂದ 31ರ ಹತ್ತಿರಕ್ಕೆ ಬಂತು. ಇಷ್ಟನ್ನೇ ಓದಿದವರಿಗೆ ನಮ್ಮ ಜನ ಉಂಡು ಕೊಬ್ಬಿದ್ದಾರೆ ಅನ್ನಿಸಬಹುದು. ಆದರೆ ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳುತ್ತದೆ: ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮಗುವಿಗೆ ಪೌಷ್ಟಿಕತೆಯ ಕೊರತೆ, ತಾಯಿಗೆ ಬೊಜ್ಜೂ ರಕ್ತಹೀನತೆಯೂ ಒಟ್ಟಿಗೆ ಇರುವ ಮನೆಗಳನ್ನು ಇಲ್ಲಿರುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಬಲ್ಲರು. ಬೊಜ್ಜನ್ನು ಉಳ್ಳವರ ಕಾಯಿಲೆಯೆಂದೂ ಅಪೌಷ್ಟಿಕತೆಯನ್ನು ಬಡವರ ಕಾಯಿಲೆಯೆಂದೂ ಬೇರೆಬೇರೆ ಕಡತಗಳಲ್ಲಿ ಇಟ್ಟಿರುವುದೇ ನಮ್ಮ ದೊಡ್ಡ ತಪ್ಪು ಎಂಬುದು ನನ್ನ ವಾದ. ನಮ್ಮಲ್ಲಿ ಬೊಜ್ಜಿನ ಬೇರು ಬಹುಪಾಲು ಹಸಿವಿನಲ್ಲೇ ಇದೆ.

ಇದಕ್ಕೆ ಆಧಾರ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟು, ಆ ದಾಖಲೆಗಳನ್ನು ಜೋಪಾನ ಮಾಡಿದ್ದರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಎಂಬುದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಪತ್ರಿಕೆ 2004ರಲ್ಲಿ ಇಬ್ಬರು ವೈದ್ಯರ ಚಿತ್ರವನ್ನು ಅಕ್ಕಪಕ್ಕದಲ್ಲಿ ಅಚ್ಚುಹಾಕಿತು: ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ತಕ್ಕಡಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಗರ್ಭದಲ್ಲಿ ಪೋಷಣೆ ಸಾಲದೆ ಹುಟ್ಟಿದ ಕೂಸು ಸ್ನಾಯುವಿನಲ್ಲಿ ಬಡವಾಗಿರುತ್ತದೆ, ಕೊಬ್ಬನ್ನು ಉಳಿಸಿಕೊಂಡಿರುತ್ತದೆ. ಮುಂದೆ ಹೊಟ್ಟೆ ತುಂಬ ಅನ್ನ ಸಿಕ್ಕಾಗ ಆ ದೇಹ ಅದನ್ನು ಸೊಂಟದ ಸುತ್ತ ಕೂಡಿಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದ ವಯಸ್ಕರಲ್ಲಿ ಒಟ್ಟಾರೆ ಬೊಜ್ಜು ಶೇ 28.6, ಹೊಟ್ಟೆಯ ಬೊಜ್ಜು ಶೇ 39.5 ಇತ್ತು. ತೂಕವನ್ನಷ್ಟೇ ನೋಡುವವರು ಈ ಎರಡರ ನಡುವಿನ ಕೋಟ್ಯಂತರ ಜನರನ್ನು ‘ನೀವು ಚೆನ್ನಾಗಿದ್ದೀರಿ’ ಎಂದು ಮನೆಗೆ ಕಳಿಸುತ್ತಾರೆ.

‘ನಮ್ಮ ಅಜ್ಜಂದಿರು ಮೂರು ಹೊತ್ತೂ ಮುದ್ದೆ ಉಂಡು ಗಟ್ಟಿಮುಟ್ಟಾಗಿರಲಿಲ್ಲವೆ?’ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಮುದ್ದೆ ಉಂಡವರು ಗುದ್ದಲಿ ಹಿಡಿದು ಬೆವರು ಹರಿಸಿದ್ದರು ಎಂಬುದು ಅರ್ಧ ಉತ್ತರ. ಉಳಿದರ್ಧ ಹೊಲದಲ್ಲಿದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬೆಳೆಯುತ್ತಿದ್ದವು. ಮುದ್ದೆಯೂ ಅದರ ಸಾರಿನ ಕಾಳೂ ಒಂದೇ ಹೊಲದಿಂದ ಬರುತ್ತಿದ್ದವು. ಅಕ್ಕಡಿ ಸಾಲು ಕಣ್ಮರೆಯಾದ ಕಡೆ ಕಾಳು ಅಂಗಡಿಯ ವಸ್ತುವಾಯಿತು, ಬೆಲೆ ಏರಿದಂತೆ ಸಾರು ತೆಳುವಾಯಿತು. ಆ ಕಾಲದವರೆಲ್ಲ ಆರೋಗ್ಯವಾಗಿದ್ದರು ಎಂದು ನಾನು ಹೇಳಲಾರೆ. ಹಸಿವಿನಿಂದ ಸತ್ತವರ ಲೆಕ್ಕ ನಮ್ಮ ಸವಿನೆನಪುಗಳಲ್ಲಿ ಇರುವುದಿಲ್ಲ. 2013ರ ಅನ್ನಭಾಗ್ಯ ಯೋಜನೆ ಬಡವರ ಒಲೆ ಆರದಂತೆ ನೋಡಿಕೊಂಡಿತು. ಅದನ್ನು ಬೊಜ್ಜಿನ ಹೆಸರಿನಲ್ಲಿ ಹೀಗಳೆಯುವವರ ಜೊತೆ ನಾನಿಲ್ಲ. ನಾನು ಕೇಳುವುದು, ಅನ್ನ ಕೊಟ್ಟ ಕೈ ಬೇಳೆಯನ್ನೂ ಮೊಟ್ಟೆಯನ್ನೂ ಅಷ್ಟೇ ಖಾತ್ರಿಯಾಗಿ ಕೊಡಲಿ ಎಂದು. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದಲೇ ಬರುತ್ತಿರುವಾಗ ‘ಅನ್ನ ಕಡಿಮೆ ಮಾಡಿ’ ಎಂಬ ಸಲಹೆ ಅರ್ಧ ಚಿಕಿತ್ಸೆ. ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಏನು ಬರಬೇಕು, ಅದರ ಖರ್ಚು ಯಾರದು ಎಂದೂ ಸಲಹೆ ಕೊಟ್ಟವರೇ ಹೇಳಬೇಕು.

ಇದೆಲ್ಲ ನೆಪ, ನಾಲಿಗೆಯ ಮೇಲೆ ಹಿಡಿತವಿದ್ದರೆ ಸಾಕು ಎನ್ನುವವರಿದ್ದಾರೆ. ಸಂಯಮ ಬೇಕು, ಒಪ್ಪುತ್ತೇನೆ. ಆದರೆ ಐದಾರು ವರ್ಷಗಳಲ್ಲಿ ಒಂದಿಡೀ ರಾಜ್ಯದ ಜನ ಸಂಯಮ ಕಳೆದುಕೊಂಡರು ಎಂದು ನಂಬುವುದು ಹೇಗೆ? ಬದಲಾದದ್ದು ಪರಿಸರ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಷ್ಟು ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು, ಕತ್ತಲಾದ ಮೇಲೆ ಮನೆಗೆ ಬಂದು ಅಡುಗೆಗೆ ನಿಲ್ಲುವ ಹೆಣ್ಣುಮಗಳು ಆ 150 ನಿಮಿಷವನ್ನು ಎಲ್ಲಿಂದ ತರಬೇಕು, ಯಾವ ಬೀದಿಯಲ್ಲಿ ನಿರ್ಭಯವಾಗಿ ನಡೆಯಬೇಕು? ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಿಂದ ನಮ್ಮ ಮಾರುಕಟ್ಟೆಯಲ್ಲೂ ಇವೆ, ಕೆಲಸವನ್ನೂ ಮಾಡುತ್ತವೆ. ಅಗತ್ಯವಿರುವ ರೋಗಿಗೆ ಸಿಗಲೇಬೇಕು. ಆದರೆ ಅವು ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತವೆ, ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಹುಟ್ಟಿನಿಂದಲೇ ಸ್ನಾಯುವಿನಲ್ಲಿ ಬಡವರಾದ ನಮಗೆ ಇದು ಸಣ್ಣ ಮಾತಲ್ಲ.

ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಒಂದು ಹಾಳೆಯನ್ನು ತೋರಿಸುತ್ತೇನೆ. ಮೂವತ್ತು ದಾಟಿದವರ ತಪಾಸಣೆಯ ಆ ನಮೂನೆಯಲ್ಲಿ ತೂಕಕ್ಕಲ್ಲ, ಸೊಂಟದ ಸುತ್ತಳತೆಗೆ ಅಂಕವಿದೆ: ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಒಂದು, ಇನ್ನೂ ಹತ್ತು ದಾಟಿದರೆ ಎರಡು. ವಯಸ್ಸು, ತಂಬಾಕು, ವ್ಯಾಯಾಮ ಮೊದಲಾದವುಗಳ ಅಂಕ ಸೇರಿ ಮೊತ್ತ ನಾಲ್ಕು ಮೀರಿದರೆ ಅವರನ್ನು ಮೊದಲ ಆದ್ಯತೆಯಲ್ಲಿ ತಪಾಸಣೆಗೆ ಕರೆತರಬೇಕು. ವಿಜ್ಞಾನ ಹೇಳಿದ ಅಳತೆ ಹೀಗೆ ಹಳ್ಳಿಯ ಮನೆಬಾಗಿಲಿಗೆ ಆಗಲೇ ತಲುಪಿದೆ. ಆದರೆ ಅಳೆದ ಮೇಲೆ ಆಕೆ ಕೊಡಬಹುದಾದದ್ದು ಬರೀ ಬುದ್ಧಿಮಾತು. ಆದ್ದರಿಂದ ಮಧ್ಯಾಹ್ನದ ಗೋಷ್ಠಿಯ ಮುಂದೆ ಮೂರು ನಿರ್ಣಯ ಇಡುತ್ತಿದ್ದೇನೆ. ಪಡಿತರದಲ್ಲಿ ಬೇಳೆಕಾಳು ಅಕ್ಕಿಯಷ್ಟೇ ಕಾಯಂ ಆಗಬೇಕು. ಚಿಲಿ ದೇಶ 2016ರಲ್ಲಿ ಮಾಡಿದಂತೆ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಎಚ್ಚರಿಕೆ ಇರಬೇಕು, ಇಲ್ಲಿ ಅದು ಕನ್ನಡದಲ್ಲಿರಬೇಕು. ಊರಿನ ಶಾಲಾ ಮೈದಾನ ಸಂಜೆ ದೀಪದೊಂದಿಗೆ ತೆರೆದಿರಬೇಕು, ಅದರಲ್ಲಿ ಹೆಂಗಸರಿಗೆಂದೇ ಮೀಸಲಾದ ಹೊತ್ತಿರಬೇಕು. ಇವಕ್ಕೆ ಹಣ ಎಲ್ಲಿಂದ ಎಂದು ಕೇಳುವವರು, ಬೊಜ್ಜಿನ ಬೆನ್ನಿಗೆ ಬರುವ ಸಕ್ಕರೆ ಕಾಯಿಲೆ ಮೂತ್ರಪಿಂಡ ಕೆಡಿಸಿದಾಗ ಬೇಕಾಗುವ ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಿಗೆ ಆಗುತ್ತಿರುವ ವೆಚ್ಚವನ್ನೂ ಅದೇ ಲೆಕ್ಕದ ಹಾಳೆಯ ಮೇಲೆ ಬರೆದುಕೊಂಡು ಚರ್ಚೆಗೆ ಬರಲಿ.