ಮುಲಾಮಿನ ಟ್ಯೂಬಿನಲ್ಲಿ ಏನಿದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅದನ್ನು ಮಕ್ಕಳು ಮೊಬೈಲಿನಲ್ಲೇ ನನಗಿಂತ ಚೆನ್ನಾಗಿ ಕಲಿಯುತ್ತಾರೆ. ನಾನು ಸೋರಿಯಾಸಿಸ್ ಎಂಬ ಚರ್ಮರೋಗದ ಬಗ್ಗೆ, ಅದಕ್ಕೆ ಹಚ್ಚುವ ಮುಲಾಮುಗಳ ಬಗ್ಗೆ ಹೇಳುತ್ತೇನೆ. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೆ ಹನ್ನೆರಡು ವರ್ಷದಿಂದ ನಮ್ಮ ಅಮ್ಮನ ಔಷಧಿ ಚೀಟಿ ಓದುತ್ತಾ ಬಂದಿದ್ದೇನೆ. ಬಸ್ ಸ್ಟ್ಯಾಂಡ್ ಪಕ್ಕ ಹೂ ಕಟ್ಟಿ ಮಾರುತ್ತಿದ್ದ ಅವರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೈಯಲ್ಲಿ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು ಕಾಣಿಸಿದ ಮೇಲೆ ದೇವರಿಗೆ ಹೂ ಒಯ್ಯುವವರು ಬೇರೆ ಕಡೆ ಹೋದರು. ಯಾರೂ ಬೈಯಲಿಲ್ಲ. ಬರಲಿಲ್ಲ, ಅಷ್ಟೇ. ಇದನ್ನು ಹೇಳಲು ಅಮ್ಮನ ಒಪ್ಪಿಗೆ ಇದೆ. "ಹೂವಿಂದ ಯಾರಿಗೂ ಬರಲ್ಲ ಅಂತ ಮೈಕಿನಲ್ಲೇ ಹೇಳು" ಎಂದಿದ್ದಾರೆ.

ಹೌದು, ಬರುವುದಿಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಬರುವುದಿಲ್ಲ. ಇದು ಕಜ್ಜಿಯಲ್ಲ, ಗಜಕರ್ಣವೂ ಅಲ್ಲ. ಮೈಯ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಸುಮಾರು ಒಂದು ತಿಂಗಳಲ್ಲಿ ಹುಟ್ಟಿ ಉದುರಬೇಕಾದ ಚರ್ಮದ ಕೋಶಗಳು ಮೂರರಿಂದ ಐದು ದಿನದಲ್ಲಿ ಮೇಲೆ ಬಂದು ಪೇರಿಕೊಳ್ಳುತ್ತವೆ. 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ಇದು ಹರಡದ ರೋಗವೆಂದು ನಿರ್ಣಯ ಮಾಡಿದೆ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ ಎಂದೂ ಅದೇ ನಿರ್ಣಯ ಹೇಳುತ್ತದೆ. ಹಾಗಾಗಿ "ಗ್ಯಾರಂಟಿ ಗುಣ" ಎಂಬ ಬೋರ್ಡು ಕಂಡರೆ ಮುಂದಕ್ಕೆ ನಡೆಯಿರಿ.

ಈಗ ಮುಲಾಮು. ನಮ್ಮ ಕೆಲಸದಲ್ಲಿ ಒಂದು ಪ್ರೋಗ್ರಾಂ ಎಷ್ಟು ವೇಗ ಎಂದಷ್ಟೇ ನೋಡಿದರೆ ಸಾಲದು, ಆರು ತಿಂಗಳಾದ ಮೇಲೆ ಏನಾಗುತ್ತದೆ ಎಂದೂ ನೋಡಬೇಕು. ಸ್ಟೀರಾಯ್ಡ್ ಮುಲಾಮಿಗೂ ಇದೇ ಲೆಕ್ಕ. ಹೈಡ್ರೋಕಾರ್ಟಿಸೋನ್ ಸೌಮ್ಯವಾದದ್ದು, ಬೀಟಾಮೆಥಾಸೋನ್ ಜೋರು, ಕ್ಲೋಬೆಟಾಸೋಲ್ ಬಹಳ ಜೋರು. ಬೇಗ ಕೆಲಸ ಮಾಡುತ್ತವೆ, ಬೆಲೆಯೂ ಕಡಿಮೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ, ಬಸುರಿಯ ಹೊಟ್ಟೆ ಮೇಲಿನಂಥ ಗೀರು ಬೀಳುತ್ತದೆ, ಸಣ್ಣ ರಕ್ತನಾಳ ಹೊರಗೆ ಕಾಣುತ್ತದೆ. ಥಟ್ಟನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಮರಳಬಹುದು. ಕ್ಲೋಬೆಟಾಸೋಲನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ವಾರ, ವಾರಕ್ಕೆ 50 ಗ್ರಾಂ ದಾಟದಂತೆ ಬಳಸಬೇಕು. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಹಚ್ಚಬಾರದು. ಅಂಥ ಮೃದು ಜಾಗಕ್ಕೆ ಡಾಕ್ಟರು ಟ್ಯಾಕ್ರೋಲಿಮಸ್ ಬರೆಯುವುದುಂಟು.

ಎರಡನೆಯದು ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೋಟ್ರಿಯಾಲ್. 1980ರ ದಶಕದಲ್ಲಿ ಜಪಾನಿನಲ್ಲಿ ಮೂಳೆ ಸವೆತಕ್ಕೆ ವಿಟಮಿನ್ ಡಿ ಜಾತಿಯ ಔಷಧಿ ಕೊಟ್ಟಿದ್ದ ರೋಗಿಯೊಬ್ಬರ ಸೋರಿಯಾಸಿಸ್ ಕೂಡ ಇಳಿಯಿತು, ದಾರಿ ಅಲ್ಲಿಂದ ತೆರೆಯಿತು. ಇದು ನಿಧಾನ, ಹಚ್ಚಿದಲ್ಲಿ ಉರಿಯಬಹುದು, ಆದರೆ ಚರ್ಮ ತೆಳುವಾಗಿಸುವುದಿಲ್ಲ. ವಾರಕ್ಕೆ 100 ಗ್ರಾಂ ದಾಟಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುವ ಭಯವಿದೆ. ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಮುಲಾಮಿನ ಜೊತೆ ಬೆರೆಸಿದರೆ ಇದರ ಶಕ್ತಿ ಹೋಗುತ್ತದೆ. ಎರಡು ಟ್ಯೂಬು ಒಟ್ಟಿಗೆ ಕೊಟ್ಟರೆ ಇದನ್ನು ಕೇಳಿಕೊಳ್ಳಿ.

ಯಾವುದು ಮೇಲು? ಕಾಕ್ರೇನ್ ಸಂಸ್ಥೆ 2013ರಲ್ಲಿ 177 ಪ್ರಯೋಗಗಳನ್ನು, ಸುಮಾರು 35 ಸಾವಿರ ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿತು. ಮೈಮೇಲಿನ ಕಲೆಗೆ ವಿಟಮಿನ್ ಡಿ ಮುಲಾಮು ಜೋರು ಸ್ಟೀರಾಯ್ಡಿಗೆ ಹೆಚ್ಚುಕಡಿಮೆ ಸಮ. ತಲೆಬುರುಡೆಗೆ ಸ್ಟೀರಾಯ್ಡೇ ಮುಂದು. ಎರಡೂ ಸೇರಿದ ಮುಲಾಮು ಒಂಟಿಯಾಗಿ ಹಚ್ಚುವುದಕ್ಕಿಂತ ಮೇಲು. ಉರಿ, ಕೆರೆತ ಹೆಚ್ಚು ಕಂಡದ್ದು ವಿಟಮಿನ್ ಡಿಯಲ್ಲಿ. ಆದರೆ ಬಹುತೇಕ ಪ್ರಯೋಗಗಳು ಕೆಲವೇ ವಾರ ನಡೆದವು. ಇದೇ ನನ್ನ ತಕರಾರು: ಬದುಕಿನುದ್ದಕ್ಕೂ ಇರುವ ರೋಗಕ್ಕೆ ಎರಡು ತಿಂಗಳ ಪರೀಕ್ಷೆ!

ಹಳೆಯ ಡಾಂಬರು ಮುಲಾಮು ಇಂದಿಗೂ ಇದೆ. ವಾಸನೆ, ಬಟ್ಟೆ ಕಲೆ ಸಹಿಸುವವರಿಗೆ ಪರವಾಗಿಲ್ಲ. ಡೈಥ್ರನಾಲ್ ಕಥೆ ಚೆನ್ನಾಗಿದೆ. ಬ್ರೆಜಿಲಿನ ಮರವೊಂದರ ಪುಡಿಯನ್ನು ಪೋರ್ಚುಗೀಸರು ತಂದರು, ನಮ್ಮ ಪಕ್ಕದ ಗೋವಾದಲ್ಲಿ ಬಳಕೆಯಾಗಿ ಅದಕ್ಕೆ "ಗೋವಾ ಪುಡಿ" ಎಂದೇ ಹೆಸರಾಯಿತು. ಅದರ ಬದಲಿಗೆ 1916ರಲ್ಲಿ ಜರ್ಮನಿಯಲ್ಲಿ ಮಾಡಿಕೊಂಡದ್ದು ಡೈಥ್ರನಾಲ್. ಕೆಲಸ ಮಾಡುತ್ತದೆ, ಆದರೆ ಚರ್ಮ ಸುಡುತ್ತದೆ, ತಾಗಿದ್ದೆಲ್ಲ ಕಂದಾಗುತ್ತದೆ. ಟಜರೋಟೀನ್ ಎಂಬುದನ್ನು ಬಸುರಿಯರು ಖಂಡಿತ ಬಳಸಬಾರದು.

ಅಳತೆ ಮುಖ್ಯ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಮ್ಮ ಮನೆಯ ಗೋಡೆಯಲ್ಲಿ ಈ ಚಿತ್ರ ಬರೆದು ಅಂಟಿಸಿದ್ದೇನೆ. ಉಳಿದ ಹೊತ್ತು ಸ್ನಾನವಾದ ಕೂಡಲೇ ಪೆಟ್ರೋಲಿಯಂ ಜೆಲ್ಲಿ. ಹೊಟ್ಟು ಮೆದುವಾದರೆ ಬೇರೆ ಮುಲಾಮೂ ಒಳಗೆ ಇಳಿಯುತ್ತದೆ. ಆದರೆ ಜೆಲ್ಲಿ ಮೆತ್ತಿದ ಸೆರಗಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ಮುಂದೆ ಹುಷಾರು.

ಮೆಡಿಕಲ್ ಶಾಪಿನಲ್ಲಿ "ಕಜ್ಜಿಗೆ ಏನಾದರೂ ಕೊಡಿ" ಎಂದರೆ ಸಿಗುವ ಮಿಶ್ರ ಟ್ಯೂಬುಗಳಲ್ಲಿ ಎಷ್ಟೋ ಸಲ ಕ್ಲೋಬೆಟಾಸೋಲ್ ಸೇರಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಬೆಳ್ಳಗಾಗಲಿ ಎಂದು ಇದನ್ನು ಮುಖಕ್ಕೆ ಹಚ್ಚುವ ಹೆಣ್ಣುಮಕ್ಕಳೇ, ಗಂಡುಮಕ್ಕಳೇ, ಇವತ್ತು ಮನೆಗೆ ಹೋಗಿ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಕೊನೆಯಲ್ಲಿ "ಸೋಲ್" ಅಥವಾ "ಸೋನ್" ಎಂದಿದ್ದರೆ ಡಾಕ್ಟರಿಗೆ ತೋರಿಸಿ. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವೇ ಥಟ್ಟನೆ ನಿಲ್ಲಿಸಬೇಡಿ.

ಸೋರಿಯಾಸಿಸ್ ಇರುವವರಿಗೆ ಬೆರಳಿನ ಗಿಣ್ಣು ಊದಿದರೆ, ಬೆಳಿಗ್ಗೆ ಕೀಲು ಬಿಗಿದರೆ ಮುಲಾಮು ಸಾಲದು, ಚರ್ಮದ ಡಾಕ್ಟರನ್ನು ಕಾಣಿ. ಹೋಗುವಾಗ ಹಳೆಯ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೈಕಿನಲ್ಲಿ ಕೇಳಲು ಸಂಕೋಚ ಇರುವವರು ಊಟದ ಹೊತ್ತಿಗೆ ಸಿಗಿ. ನಮ್ಮ ಅಮ್ಮನೂ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ವೇದಿಕೆಗೆ ಹಾಕಿರುವ ಹಾರಗಳನ್ನು ಕಟ್ಟಿದವರು ಅವರೇ.